ಸರ್ಪಸುತ್ತು ವಾಸಿಯಾದ ಮೇಲೂ ಉರಿ: ಲಿಡೋಕೇನ್ ಪ್ಯಾಚ್ ಹೇಗೆ ಹಾಕಬೇಕು, ಎಷ್ಟು ದಿನ ನೋಡಬೇಕು?

ಹಿಪ್ಪುನೇರಳೆ (ಶಿಡ್ಲಘಟ್ಟ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 67 ವರ್ಷ. ಬಲಗಡೆ ಬೆನ್ನಿಂದ ಹಿಡಿದು ಎದೆಯ ಕೆಳಗಿನವರೆಗೆ ಸರ್ಪಸುತ್ತು ಎದ್ದಿತ್ತು. ಹಕ್ಕಳೆ ಉದುರಿ ನಾಲ್ಕು ತಿಂಗಳ ಮೇಲಾಯ್ತು, ಈಗ ಕಲೆ ಮಾತ್ರ ಇದೆ. ಉರಿ ಮಾತ್ರ ಹೋಗಿಲ್ಲ. ರವಿಕೆ ತಾಗಿದರೆ ಆಗಲ್ಲ, ಫ್ಯಾನ್ ಗಾಳಿ ಬಿದ್ದರೂ ಚುಳ್ ಅನ್ನತ್ತೆ ಅಂತಾರೆ. ರೇಷ್ಮೆ ಹುಳು ಮನೆಯಲ್ಲಿ ಚಂದ್ರಿಕೆ (ಹುಳು ಗೂಡು ಕಟ್ಟೋ ತಟ್ಟೆ) ಎತ್ತೋವಾಗ ಆ ಜಾಗಕ್ಕೆ ಉಜ್ಜಿದರೆ ಮುಗೀತು, ಅವತ್ತಿಡೀ ಸಂಕಟ.

ಡಾಕ್ಟ್ರು ರಾತ್ರಿಗೆ ನರದ ನೋವಿನ ಮಾತ್ರೆ ಪ್ರಿಗಾಬಲಿನ್ 75 ಕೊಟ್ಟಿದ್ದಾರೆ, ಜೊತೆಗೆ ಲಿಡೋಕೇನ್ 5% ಪ್ಯಾಚ್ ಬರೆದಿದ್ದಾರೆ. ಚೀಟಿಯಲ್ಲಿ "12 ಗಂಟೆ ಹಾಕಿ, 12 ಗಂಟೆ ಬಿಡಿ" ಅಂತ ಇದೆ, ಅಷ್ಟೇ. ಅಮ್ಮನಿಗೆ ಶುಗರ್ ಇದೆ, ಮಾತ್ರೆಯಲ್ಲಿ ಹತೋಟಿಯಲ್ಲಿದೆ. ಬಿಪಿಗೂ ಒಂದು ಮಾತ್ರೆ.

ಕೇಳಬೇಕಾದ್ದು ಇಷ್ಟು. ಉರಿ ಇರೋ ಪಟ್ಟಿ ಉದ್ದಕ್ಕಿದೆ, ಪ್ಯಾಚ್ ಅಗಲವಾಗಿದೆ, ಕತ್ತರಿಸಬಹುದಾ? ಹಗಲು ಹಾಕಬೇಕಾ, ರಾತ್ರಿನಾ? ಬೆವರಿಗೆ ಅಂಚು ಬಿಟ್ಟುಕೊಳ್ಳತ್ತೆ, ಏನು ಮಾಡೋದು? ಪ್ಯಾಚ್ ಮೇಲೆ ಬಿಸಿನೀರಿನ ಚೀಲ ಇಟ್ಟರೆ ಇನ್ನೂ ಚೆನ್ನಾಗಿ ಎಳೆಯತ್ತೆ ಅಂತ ಪಕ್ಕದ ಮನೆಯವರು ಹೇಳ್ತಾರೆ, ನಿಜವಾ? ಹಾಕಿದ ಮೇಲೂ ಅಮ್ಮ "ಮುಟ್ಟಿದರೆ ಗೊತ್ತಾಗತ್ತೆ, ಮರಗಟ್ಟಿಲ್ಲ" ಅಂತಾರೆ. ಹಾಗಾದರೆ ಕೆಲಸ ಮಾಡ್ತಿಲ್ಲ ಅಂತಾನಾ? ಗೊತ್ತಿರೋರು ದಯವಿಟ್ಟು ತಿಳಿಸಿ.

---

ನೋವು ಓಪಿಡಿ ಸಿಸ್ಟರ್ (ತುಮಕೂರು)

ಮೊದಲು ಕೊನೆಯ ಪ್ರಶ್ನೆ. ಯಾಕಂದ್ರೆ ಅದು ಗೊತ್ತಿಲ್ಲದೆ ಎಷ್ಟೋ ಜನ ಮೂರನೇ ದಿನಕ್ಕೇ ಪ್ಯಾಚ್ ಬಿಸಾಕ್ತಾರೆ. ಈ ಪ್ಯಾಚ್ ಚರ್ಮವನ್ನ ಹಲ್ಲು ಡಾಕ್ಟರ ಇಂಜೆಕ್ಷನ್ ಥರ ಪೂರ್ತಿ ಮರಗಟ್ಟಿಸಲ್ಲ. ಸರ್ಪಸುತ್ತಿನಿಂದ ಹಾಳಾದ ನರದ ತುದಿಗಳು ಕಾರಣವಿಲ್ಲದೆ ಸಂಕೇತ ಕಳಿಸ್ತಾನೇ ಇರ್ತವೆ. ಆ ನರಗಳಲ್ಲಿ ಸೋಡಿಯಂ ಒಳಗೆ ಹೋಗೋ ದಾರಿಯನ್ನ ಲಿಡೋಕೇನ್ ತಡೆಯತ್ತೆ, ಚೇಷ್ಟೆ ಕಡಿಮೆಯಾಗತ್ತೆ. ಚರ್ಮದೊಳಗೆ ಹೋಗೋ ಔಷಧಿ ಬಹಳ ಕಮ್ಮಿ, ಪ್ಯಾಚಿನಲ್ಲಿರೋದರಲ್ಲಿ ಸುಮಾರು 3% ಮಾತ್ರ. ಆದ್ದರಿಂದ ಮುಟ್ಟಿದ್ದು ಗೊತ್ತಾಗತ್ತೆ, ಉರಿ ಇಳಿಯತ್ತೆ. ಇನ್ನೊಂದು ಲಾಭ ಔಷಧಿಯದ್ದೇ ಅಲ್ಲ: ಮೆತ್ತನೆ ಜೆಲ್ ಪದರ ರವಿಕೆಗೂ ಚರ್ಮಕ್ಕೂ ನಡುವೆ ಕೂತುಬಿಡತ್ತೆ, ಉಜ್ಜೋದೇ ತಪ್ಪತ್ತೆ. ಬಟ್ಟೆ ತಾಗಿದರೆ ಉರಿಯೋರಿಗೆ ಇದೇ ಅರ್ಧ ಉಪಕಾರ.

ಈಗ ಹಾಕೋ ಕ್ರಮ. ಎಲ್ಲರೂ ಕಲೆ ಇರೋ ಕಡೆ ಅಂಟಿಸ್ತಾರೆ. ಕಲೆ ಇರೋ ಜಾಗ, ಉರಿ ಇರೋ ಜಾಗ ಎರಡೂ ಒಂದೇ ಆಗಿರಬೇಕು ಅಂತಿಲ್ಲ. ಹಾಗಾಗಿ ಮೊದಲು ಗೆರೆ ಎಳೀಬೇಕು. ಪ್ಯಾಚ್ ಇಲ್ಲದ ಹೊತ್ತಲ್ಲಿ ಅಮ್ಮನ್ನ ಕೂರಿಸಿ, ಒಂದು ಚೂರು ಹತ್ತಿ ತಗೊಳ್ಳಿ. ಚೆನ್ನಾಗಿರೋ ಚರ್ಮದಿಂದ ಶುರು ಮಾಡಿ ಉರಿಯ ಕಡೆಗೆ ನಿಧಾನ ಸವರಿಕೊಂಡು ಬನ್ನಿ. "ಇಲ್ಲಿಂದ ಬೇರೆ ಥರ ಆಯ್ತು" ಅಂದ ಕಡೆ ಬಾಲ್ ಪೆನ್ನಲ್ಲಿ ಚುಕ್ಕಿ ಇಡಿ. ಮೇಲಿಂದ, ಕೆಳಗಿಂದ, ಬೆನ್ನಿನ ಕಡೆಯಿಂದ, ಮುಂದಿನಿಂದ ಹೀಗೇ ಮಾಡಿ ಚುಕ್ಕಿಗಳನ್ನ ಸೇರಿಸಿ. ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಎರಡು ವಾರ ಬಿಟ್ಟು ಇದೇ ಪರೀಕ್ಷೆ ಮಾಡಿದಾಗ ಗೆರೆ ಒಳಗೆ ಸರಿದಿದ್ದರೆ ಒಳ್ಳೇದು. ನೋವು ಎಷ್ಟಿದೆ ಅಂತ ಬಾಯಲ್ಲಿ ಹೇಳೋದಕ್ಕಿಂತ ಇದು ನಂಬಿಕೆಗೆ ಹತ್ತಿರ.

ಆ ಗೆರೆಯ ಮೇಲೆ ದಿನಪತ್ರಿಕೆಯ ಹಾಳೆ ಇಟ್ಟು ಅದೇ ಆಕಾರ ಕತ್ತರಿಸಿ. ನಮ್ಮಲ್ಲಿ ಸಾಮಾನ್ಯವಾಗಿ ಬರೆಯೋ 5% ಪ್ಯಾಚ್ 10 ಸೆಂ.ಮೀ ಅಗಲ, 14 ಸೆಂ.ಮೀ ಉದ್ದ ಇರತ್ತೆ, ಒಂದರಲ್ಲಿ 700 ಮಿಲಿಗ್ರಾಂ ಲಿಡೋಕೇನ್. ಪಕ್ಕೆಲುಬಿನ ಗುಂಟ ಬರೋ ಉರಿಗೆ ಇದನ್ನ ಉದ್ದುದ್ದ ಸೀಳಿ. 5 ಸೆಂ.ಮೀ ಅಗಲದ ಎರಡು ಪಟ್ಟಿ ಸಿಗ್ತವೆ. ಒಂದರ ಹಿಂದೊಂದು ಅಂಟಿಸಿದರೆ 28 ಸೆಂ.ಮೀ ಆಯ್ತು, ಬೆನ್ನುಮೂಳೆ ಪಕ್ಕದಿಂದ ಎದೆಯ ಕೆಳಗಿನವರೆಗೆ ಬಹುತೇಕ ಸಾಕಾಗತ್ತೆ. ಅಗಲ ಸಾಲದಿದ್ದರೆ ಇನ್ನರ್ಧ ಸೇರಿಸಿ. ಒಂದು ಸಲಕ್ಕೆ ಮೈಮೇಲೆ ಮೂರು ಪ್ಯಾಚಿಗಿಂತ ಹೆಚ್ಚು ಇರಬಾರದು, ತುಂಡು ಎಷ್ಟೇ ಮಾಡಿ, ಲೆಕ್ಕ ಪೂರ್ತಿ ಪ್ಯಾಚಿನದ್ದು.

ಕತ್ತರಿಸೋದು ಹಿಂದಿನ ಪ್ಲಾಸ್ಟಿಕ್ ಹಾಳೆ ತೆಗೆಯೋಕೆ ಮುಂಚೆ. ಹಾಳೆ ತೆಗೆದ ಮೇಲೆ ಕತ್ತರಿ ಹಾಕಿದರೆ ಜೆಲ್ ಕತ್ತರಿಗೆ ಅಂಟಿ ಅಂಚು ಸುರುಳಿ ಸುತ್ತತ್ತೆ, ಆಮೇಲೆ ಅದು ಯಾವತ್ತೂ ಸರಿಯಾಗಿ ಕೂರಲ್ಲ.

ಪಕ್ಕೆಲುಬು ಹಿಂದಿನಿಂದ ಮುಂದಕ್ಕೆ ಇಳಿಜಾರಾಗಿ ಬರತ್ತೆ, ನರವೂ ಹಾಗೇ. ಪಟ್ಟಿಯನ್ನ ಅಡ್ಡಡ್ಡ ನೇರವಾಗಿ ಅಂಟಿಸಿದರೆ ಮುಂದೆ ಬರೋ ಹೊತ್ತಿಗೆ ಜಾಗ ತಪ್ಪಿರತ್ತೆ. ಪಕ್ಕೆಯ ಹತ್ತಿರ, ಕೈ ಎತ್ತಿದಾಗ ಚರ್ಮ ಎಳೆಯೋ ಕಡೆ, ಒಂದು ಉದ್ದ ಪಟ್ಟಿ ಹಾಕಬೇಡಿ. ಅಲ್ಲಿಗೆ ಎರಡು ತುಂಡಿನ ಸಂದು ಬರೋ ಹಾಗೆ ನೋಡಿಕೊಳ್ಳಿ. ಎದೆಯ ಕೆಳಗಿನ ಮಡಿಕೆಯೊಳಗೆ ತೂರಿಸಬೇಡಿ, ಅಲ್ಲಿ ಬೆವರು ನಿಂತು ಚರ್ಮ ಬೇಯತ್ತೆ. ಮಡಿಕೆಗೆ ಒಂದು ಬೆರಳು ಮೊದಲೇ ನಿಲ್ಲಿಸಿ.

ಚರ್ಮ ಇಡಿಯಾಗಿರಬೇಕು. ಒಂದೇ ಒಂದು ಹಕ್ಕಳೆ ಉಳಿದಿದ್ದರೂ, ಕೆರೆದು ಗಾಯವಾಗಿದ್ದರೂ ಆ ಜಾಗಕ್ಕೆ ಬೇಡ. ಒಡೆದ ಚರ್ಮದಲ್ಲಿ ಔಷಧಿ ಲೆಕ್ಕ ಮೀರಿ ಒಳಗೆ ಹೋಗತ್ತೆ.

ಬಿಸಿನೀರಿನ ಚೀಲ ಖಂಡಿತ ಬೇಡ. ನಿಮ್ಮ ಪಕ್ಕದ ಮನೆಯವರು ಹೇಳಿದ್ದು ಒಂದು ಅರ್ಥದಲ್ಲಿ ನಿಜ, ಹೆಚ್ಚು ಎಳೆಯತ್ತೆ, ಅಪಾಯ ಇರೋದೂ ಅಲ್ಲೇ. ಬಿಸಿಗೆ ಚರ್ಮದ ರಕ್ತನಾಳ ಹಿಗ್ಗಿ ಔಷಧಿ ರಕ್ತಕ್ಕೆ ಜಾಸ್ತಿ ಸೇರತ್ತೆ. ಮೇಲಾಗಿ ಅಮ್ಮನಿಗೆ ಶುಗರ್ ಇದೆ, ಸುಟ್ಟರೂ ಬೇಗ ಗೊತ್ತಾಗಲ್ಲ. ಕರೆಂಟಿನ ಹೀಟಿಂಗ್ ಪ್ಯಾಡ್, ಒಲೆ ಮುಂದೆ ಬೆನ್ನು ಕಾಯಿಸೋದು, ನೂಲು ಬಿಚ್ಚೋ ಬಿಸಿನೀರಿನ ಬೇಸಿನ್ ಪಕ್ಕ ಗಂಟೆಗಟ್ಟಲೆ ಕೂರೋದು, ಎಲ್ಲಕ್ಕೂ ಇದೇ ಮಾತು.

---

ಕೌಂಟರ್ ಹಿಂದಿನಿಂದ (ಫಾರ್ಮಸಿಸ್ಟ್, ಕೋಲಾರ)

ಸಿಸ್ಟರ್ ಹಾಕೋ ಕ್ರಮ ಚೆನ್ನಾಗಿ ಹೇಳಿದ್ದಾರೆ. ನಾನು ಅಂಗಡಿ ಕಡೆಯ ವಿಷಯ ಹೇಳ್ತೀನಿ.

"ನೋವಿನ ಪ್ಯಾಚ್ ಕೊಡಿ" ಅಂತ ಕೇಳಿದರೆ ಅಂಗಡಿಯಲ್ಲಿ ನಾಲ್ಕು ಥರದ್ದು ಬರಬಹುದು, ನೋಡೋಕೆ ಎಲ್ಲ ಒಂದೇ. ಮೊದಲನೇದು ನಿಮ್ಮದು, ಲಿಡೋಕೇನ್. ಕೆಲವು ಡಬ್ಬಿಯ ಮೇಲೆ ಲಿಗ್ನೋಕೇನ್ ಅಂತ ಇರತ್ತೆ, ಔಷಧಿ ಒಂದೇ. ಎರಡನೇದು ಡೈಕ್ಲೋಫೆನಾಕ್ ಪ್ಯಾಚ್, 100 ಅಥವಾ 200 ಮಿಲಿಗ್ರಾಂ. ಇದು ಊತದ ನೋವಿಗೆ, ನರದ ಉರಿಗೆ ಕೆಲಸಕ್ಕೆ ಬರಲ್ಲ. ಕಿಡ್ನಿ ತೊಂದರೆ, ಹೊಟ್ಟೆಹುಣ್ಣು, ಬಿಪಿ ಮಾತ್ರೆ, ರಕ್ತ ತೆಳುವಾಗಿಸೋ ಮಾತ್ರೆ ಇರೋರು ಕೇಳದೆ ಹಾಕೋ ಹಾಗಿಲ್ಲ. ಮೂರನೇದು ಮೆಂಥಾಲ್, ಮೆಣಸಿನಕಾಯಿ ಸತ್ವದ ಪ್ಲಾಸ್ಟರ್. ಸರ್ಪಸುತ್ತಿನ ಉರಿ ಇರೋ ಚರ್ಮಕ್ಕೆ ಇದನ್ನ ಅಂಟಿಸಿದರೆ ಅಮ್ಮ ಆ ರಾತ್ರಿ ಮಲಗಲ್ಲ. ನಾಲ್ಕನೇದು ಫೆಂಟನಿಲ್, ಬ್ಯುಪ್ರಿನಾರ್ಫಿನ್ ಪ್ಯಾಚ್. ಅವು ಮಾರ್ಫಿನ್ ಜಾತಿಯವು. ಒಂದು ಮೂರು ದಿನ, ಇನ್ನೊಂದು ಏಳು ದಿನ ಮೈಮೇಲೇ ಇರೋದು. ಅವನ್ನ ಕತ್ತರಿಸಲೇಬಾರದು, ಉಸಿರು ಕಟ್ಟೋವಷ್ಟು ಔಷಧಿ ಒಮ್ಮೆಗೇ ಮೈಗೆ ಸೇರಬಹುದು. ಲಿಡೋಕೇನ್ ಪ್ಯಾಚಲ್ಲಿ ಔಷಧಿ ಜೆಲ್ ತುಂಬ ಸಮವಾಗಿ ಹರಡಿರತ್ತೆ, ಅದಕ್ಕೇ ಅದನ್ನ ಕತ್ತರಿಸಬಹುದು. "ಪ್ಯಾಚ್ ಕತ್ತರಿಸಬಹುದು" ಅಂತ ಇಲ್ಲಿ ಓದಿದೋರು ಮನೆಯಲ್ಲಿರೋ ಬೇರೆ ಪ್ಯಾಚಿಗೆ ಕತ್ತರಿ ಹಾಕಬೇಡಿ.

ಕೊಳ್ಳುವಾಗ ಲಕೋಟೆಯ ಅಂಚು ಒತ್ತಿ ನೋಡಿ, ಗಾಳಿ ಆಡ್ತಿದ್ದರೆ ವಾಪಸ್ ಕೊಡಿ. ಜೆಲ್ ಒಣಗಿದ್ದರೆ ಅಂಟಲ್ಲ, ಆಮೇಲೆ ಬೆವರಿನ ಮೇಲೆ ತಪ್ಪು ಹೊರಿಸ್ತೀರಿ. ಬೆಲೆ ಕೇಳುವಾಗ ಡಬ್ಬಿಯದ್ದಾ, ಒಂದು ಪ್ಯಾಚಿನದ್ದಾ ಅಂತ ಕೇಳಿ. ಶೇಕಡಾ ಎಷ್ಟು ಅನ್ನೋದನ್ನೂ ನೋಡಿ: ಚೀಟಿಯಲ್ಲಿ 5% ಇದ್ದು 4% ಕೊಟ್ಟರೆ ಬರೆದ ಡಾಕ್ಟರಿಗೆ ಒಂದು ಮಾತು ತಿಳಿಸಿ. ಇನ್ನು 1.8% ಅಂತ ಒಂದು ಹೊರದೇಶದಲ್ಲಿದೆ, ಅದರಲ್ಲಿ 36 ಮಿಲಿಗ್ರಾಂ ಮಾತ್ರ ಇದ್ದರೂ ಚರ್ಮದೊಳಗೆ ಹೋಗೋದು 5%ನಷ್ಟೇ. ಯಾರಾದರೂ ಅಮೆರಿಕದಿಂದ ತಂದುಕೊಟ್ಟರೆ ಶೇಕಡಾ ಕಮ್ಮಿ ಅಂತ ಎರಡೆರಡು ಹಾಕಬೇಡಿ.

ಲಿವರ್ ತೀರಾ ಕೆಟ್ಟಿರೋರು, ಹೃದಯದ ಬಡಿತ ಸರಿಪಡಿಸೋಕೆ ಮೆಕ್ಸಿಲೆಟಿನ್, ಫ್ಲೆಕೈನೈಡ್ ಥರದ ಮಾತ್ರೆ ತಗೊಳ್ಳೋರು, ಹಿಂದೆ ಹಲ್ಲು ಕೀಳಿಸುವಾಗಲೋ ಹೊಲಿಗೆ ಹಾಕುವಾಗಲೋ ಕೊಟ್ಟ ಮರಗಟ್ಟಿಸೋ ಇಂಜೆಕ್ಷನ್ನಿಗೆ ಅಲರ್ಜಿ ಆಗಿರೋರು ಹಾಕೋ ಮುಂಚೆ ಡಾಕ್ಟರಿಗೆ ಹೇಳಲೇಬೇಕು. ನಿಮ್ಮ ಅಮ್ಮನ ಶುಗರ್ ಮಾತ್ರೆಗೂ ಇದಕ್ಕೂ ಜಗಳ ಇಲ್ಲ. ಪ್ರಿಗಾಬಲಿನ್ ಮಾತ್ರ ಕಿಡ್ನಿ ಮೂಲಕ ಹೋಗೋದು. ಶುಗರ್ ಇರೋರಿಗೆ ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ನೋಡಿ ಡೋಸ್ ಇಡ್ತಾರೆ. ಈಚೆಗೆ ಮಾಡಿಸಿಲ್ಲದಿದ್ದರೆ ಮಾಡಿಸಿ. ರಾತ್ರಿ ಎದ್ದಾಗ ತಲೆ ತಿರುಗತ್ತೆ, ಬಚ್ಚಲಿಗೆ ಹೋಗೋ ದಾರಿಯಲ್ಲಿ ಒಂದು ಲೈಟ್ ಇರಲಿ.

---

ಹಿಪ್ಪುನೇರಳೆ

ತುಂಬಾ ಉಪಕಾರ ಸಿಸ್ಟರ್, ಸರ್. ಡಬ್ಬಿ ನೋಡಿದೆ, 5% ಅಂತಾನೇ ಇದೆ, 10 × 14. ಹಗಲಾ ರಾತ್ರಿನಾ ಅನ್ನೋದು ಉಳೀತು. ಬೆವರಿನದ್ದೂ. ಆಮೇಲೆ ಸೀಳಿದ ಮೇಲೆ ಮಿಕ್ಕ ಅರ್ಧವನ್ನ ಏನು ಮಾಡೋದು? ಒಂದು ಪ್ಯಾಚ್ ಬಿಸಾಕೋದು ಅಂದ್ರೆ ಹೊಟ್ಟೆ ಉರಿಯತ್ತೆ.

---

ನೋವು ಓಪಿಡಿ ಸಿಸ್ಟರ್ (ತುಮಕೂರು)

ಹಗಲು ರಾತ್ರಿ ಅನ್ನೋದಕ್ಕೆ ನಿಯಮ ಇಲ್ಲ, ಅಮ್ಮನ ನೋವು ಹೇಳಬೇಕು. ಎರಡು ದಿನ ಪ್ಯಾಚ್ ಇಲ್ಲದೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಸೊನ್ನೆಯಿಂದ ಹತ್ತರ ಲೆಕ್ಕದಲ್ಲಿ ಬರೆದಿಡಿ. ನೀವು ಹೇಳಿದ ಪ್ರಕಾರ ತೊಂದರೆ ಇರೋದು ರವಿಕೆ, ಚಂದ್ರಿಕೆ, ಅಂದರೆ ಕೆಲಸದ ಹೊತ್ತಲ್ಲಿ. ಹಾಗಿದ್ದರೆ ಬೆಳಿಗ್ಗೆ 7ಕ್ಕೆ ಹಾಕಿ ಸಂಜೆ 7ಕ್ಕೆ ತೆಗೀರಿ. ನಿದ್ದೆಯೇ ಕೆಡ್ತಿದ್ದರೆ ರಾತ್ರಿ 8ರಿಂದ ಬೆಳಿಗ್ಗೆ 8. ಗಡಿಯಾರ ಶುರುವಾಗೋದು ಮೊದಲ ತುಂಡು ಅಂಟಿಸಿದಾಗ. ಮಧ್ಯೆ ಒಂದು ತುಂಡು ಬಿದ್ದು ಹೊಸದು ಹಾಕಿದರೂ ತೆಗೆಯೋ ಹೊತ್ತು ಮುಂದಕ್ಕೆ ಹೋಗಲ್ಲ. ತೆಗೆಯೋಕೆ ಮರೆತು ಹದಿನಾಲ್ಕು ಗಂಟೆ ಆಯ್ತು ಅಂದ್ರೆ ಗಾಬರಿ ಬೇಡ, ತೆಗೆದು 12 ಗಂಟೆ ಪೂರ್ತಿ ಬಿಡುವು ಕೊಟ್ಟು ಮತ್ತೆ ಶುರು ಮಾಡಿ.

ಬೆವರು. ಸ್ನಾನ ಆದ ತಕ್ಷಣ ಅಂಟಿಸೋದೇ ಮೊದಲ ತಪ್ಪು. ಬಿಸಿನೀರು ಸ್ನಾನ ಆದ ಮೇಲೆ ಚರ್ಮ ಅರ್ಧ ಗಂಟೆಯಾದರೂ ಬೆವರ್ತಾನೇ ಇರತ್ತೆ, ಬಿಸಿಯೂ ಇರತ್ತೆ. ತಣ್ಣಗಾಗೋಕೆ ಬಿಡಿ. ಆ ಪಟ್ಟಿಗೆ ಕೊಬ್ಬರಿ ಎಣ್ಣೆ, ಪೌಡರ್, ಅರಿಶಿನ ಏನೂ ಇರಬಾರದು. ಒಣ ಹತ್ತಿ ಬಟ್ಟೆಯಲ್ಲಿ ಒತ್ತಿ ತೆಗೀರಿ, ಉಜ್ಜಬೇಡಿ. ಕೂದಲಿದ್ದರೆ ಕತ್ತರಿಯಲ್ಲಿ ಟ್ರಿಮ್ ಮಾಡಿ, ರೇಜರ್ ಬೇಡ. ರೇಜರ್ ಕಣ್ಣಿಗೆ ಕಾಣದಷ್ಟು ಗೀರು ಮಾಡತ್ತೆ. ಹಾಳೆಯನ್ನ ಒಮ್ಮೆಲೇ ಎಳೆಯದೆ ಅರ್ಧ ತೆಗೆದು ಆ ಅರ್ಧ ಅಂಟಿಸಿ, ಆಮೇಲೆ ಉಳಿದರ್ಧ ಎಳೀತಾ ಅಂಗೈಯಿಂದ ಒತ್ತಿಕೊಂಡು ಹೋಗಿ. ಅಂಚನ್ನ ಹತ್ತು ಎಣಿಸೋವಷ್ಟು ಹೊತ್ತು ಒತ್ತಿ ಹಿಡೀರಿ.

ಆದರೂ ಬಿಡತ್ತೆ ಅಂದ್ರೆ ಅಂಚಿಗೆ ಮಾತ್ರ ಪೇಪರ್ ಟೇಪ್. ಬಿಳಿ ಬಣ್ಣದ, ಕೈಯಲ್ಲೇ ಹರಿಯೋ, ಗಾಳಿ ಆಡೋ ಟೇಪ್. ಪೂರ್ತಿ ಪ್ಯಾಚ್ ಮೇಲೆ ಪ್ಲಾಸ್ಟಿಕ್ ಹಾಳೆ, ಬಿಗಿಯಾದ ಕ್ರೇಪ್ ಬ್ಯಾಂಡೇಜ್ ಸುತ್ತಬೇಡಿ, ಬಿಸಿನೀರಿನ ಚೀಲ ಮಾಡೋ ಕೆಲಸವನ್ನೇ ಅದೂ ಮಾಡತ್ತೆ. ಪ್ಯಾಚ್ ಇದ್ದಾಗ ಸ್ನಾನ ಬೇಡ, ನೆಂದರೆ ಬಿಟ್ಟುಕೊಳ್ಳತ್ತೆ. ಸ್ನಾನವನ್ನ ಬಿಡುವಿನ ಹೊತ್ತಿಗೆ ಇಟ್ಟುಕೊಳ್ಳಿ.

ಅಂಟಿಸಿದ ಮೇಲೆ, ತೆಗೆದ ಮೇಲೆ ಎರಡು ಸಲವೂ ಸೋಪು ಹಾಕಿ ಕೈ ತೊಳೀಬೇಕು. ಹುಳು ಮನೆಗೆ ಹೋಗೋರಿಗೆ ಕೈ ತೊಳೆಯೋ ಅಭ್ಯಾಸ ಹೇಗೂ ಇರತ್ತೆ. ಆ ಕೈಯಲ್ಲಿ ಕಣ್ಣು ಉಜ್ಜಿದರೆ ಕಣ್ಣು ಮರಗಟ್ಟತ್ತೆ, ಧೂಳು ಬಿದ್ದರೂ ಗೊತ್ತಾಗಲ್ಲ. ಹಾಗೆ ಆದರೆ ಚೆನ್ನಾಗಿ ನೀರು ಹಾಕಿ ತೊಳೆದು, ಸ್ಪರ್ಶ ಬರೋವರೆಗೆ ಕಣ್ಣು ಮುಚ್ಚಿ ಕಾಪಾಡಿಕೊಳ್ಳಿ.

---

ಕೌಂಟರ್ ಹಿಂದಿನಿಂದ

ಮಿಕ್ಕ ಅರ್ಧ ಬಿಸಾಕಬೇಡಿ. ಹಿಂದಿನ ಹಾಳೆ ತೆಗೆಯದೆ ಅದೇ ಲಕೋಟೆಗೆ ಹಾಕಿ, ಬಾಯಿ ಎರಡು ಸಲ ಮಡಚಿ ಕ್ಲಿಪ್ ಹಾಕಿ. ಜಿಪ್ ಇರೋ ಲಕೋಟೆ ಆದರೆ ಇನ್ನೂ ಒಳ್ಳೇದು. ಲಕೋಟೆ ತೆರೆದ ದಿನಾಂಕ ಮೇಲೆ ಬರೀರಿ. ಐದು ಪ್ಯಾಚ್ ಒಂದೇ ಲಕೋಟೆಯಲ್ಲಿ ಬರೋ ತಯಾರಿಕೆಗಳಲ್ಲಿ ತೆರೆದ 14 ದಿನದೊಳಗೆ ಬಳಸಿ ಅಂತಾನೇ ಬರೆದಿರತ್ತೆ. ನಿಮ್ಮ ಡಬ್ಬಿಯ ಮೇಲೆ ಬೇರೆ ಇದ್ದರೆ ಅದನ್ನೇ ಪಾಲಿಸಿ. ಫ್ರಿಜ್ಜಲ್ಲಿ ಇಡೋ ಅಗತ್ಯ ಇಲ್ಲ, ಇಡಲೂಬಾರದು. ಶೀಟಿನ ಮನೆಯಾದರೆ ಮೇಲಿನ ಅಟ್ಟದಲ್ಲಿ ಬೇಡ, ಕೆಳಗಿನ ಗೂಡಲ್ಲಿ, ಮಕ್ಕಳಿಗೆ ಸಿಗದ ಕಡೆ.

ಒಮ್ಮೆ ಹಾಕಿ ತೆಗೆದ ಪ್ಯಾಚನ್ನ ಮಾತ್ರ "ಇನ್ನೂ ಅಂಟತ್ತೆ" ಅಂತ ಮಾರನೇ ದಿನ ಹಾಕಬೇಡಿ. ಹಾಗಂತ ಅದು ಖಾಲಿ ಅಲ್ಲ. 12 ಗಂಟೆ ಮೈಮೇಲಿದ್ದ ಪ್ಯಾಚಲ್ಲಿ ಇನ್ನೂ 650 ಮಿಲಿಗ್ರಾಂ ಮೇಲೆಯೇ ಲಿಡೋಕೇನ್ ಇರತ್ತೆ. ಮಗು ಬಾಯಿಗೆ ಹಾಕಿಕೊಂಡು ಚೀಪಿದರೆ, ನಾಯಿ ಅಗಿದರೆ ಫಿಟ್ಸ್ ಬರೋವಷ್ಟು ವಿಷ. ಅಂಟು ಭಾಗ ಒಳಗೆ ಬರೋ ಹಾಗೆ ಅರ್ಧ ಮಡಚಿ, ಖಾಲಿ ಲಕೋಟೆಗೆ ತುರುಕಿ, ಅದನ್ನ ಮುಚ್ಚಳ ಇರೋ ಡಬ್ಬಿಗೆ ಹಾಕಿ. ತುಂಬಿದ ಮೇಲೆ ಕಸದ ಗಾಡಿಗೆ ಔಷಧಿ ಕಸ ಅಂತ ಹೇಳಿ ಬೇರೆಯಾಗಿ ಕೊಡಿ. ತಿಪ್ಪೆಗೆ ಎಸೀಬೇಡಿ, ಅಲ್ಲಿ ನಾಯಿಯೂ ಬರತ್ತೆ, ದನವೂ ಬಾಯಿ ಹಾಕತ್ತೆ.

ಪ್ಯಾಚ್ ಸಿಗದ ದಿನಕ್ಕೆ ಕೆಲವರು ಲಿಗ್ನೋಕೇನ್ 5% ಮುಲಾಮು ಹಚ್ಚಿಕೊಳ್ತಾರೆ. ಡಾಕ್ಟ್ರು ಒಪ್ಪಿದರೆ ಸರಿ, ಆದರೆ ಒಂದು ಸಲಕ್ಕೆ 5 ಗ್ರಾಂ ಮೀರಬಾರದು. ಟ್ಯೂಬಿಂದ ಹಿಂಡಿದರೆ ಸುಮಾರು 15 ಸೆಂ.ಮೀ ಉದ್ದ ಬರತ್ತೆ. ಮೇಲೆ ಪ್ಲಾಸ್ಟಿಕ್ ಮುಚ್ಚೋ ಹಾಗಿಲ್ಲ. ಪ್ಯಾಚ್ ಇರೋ ದಿನ ಮುಲಾಮೂ ಹಚ್ಚೋದು ಅಂದ್ರೆ ಒಂದೇ ಔಷಧಿ ಎರಡು ಕಡೆಯಿಂದ ಹೋದ ಹಾಗೆ, ಬೇಡ.

---

ಪಾವಗಡದವನು

ಇದೇ ಪ್ಯಾಚ್ ಮಂಡಿನೋವಿಗೆ, ಸೊಂಟಕ್ಕೆ ಆಗತ್ತಾ? ನಮ್ಮ ಅಪ್ಪನಿಗೆ ಮೈಕೈಯೆಲ್ಲ ಬಿಗಿತ, ಕತ್ತು ತಿರುಗಲ್ಲ, ಸೊಂಟ ಬಗ್ಗಲ್ಲ. ಬೋರ್‌ವೆಲ್ ನೀರೇ ಕುಡಿದು ಬೆಳೆದೋರು.

---

ಕೀಲು ಬಲ್ಲವಳು (ಫಿಸಿಯೋ, ಚಿಂತಾಮಣಿ)

ಪಾವಗಡದ ಅಣ್ಣ, ನಿಮ್ಮ ತಂದೆಗೆ ಪ್ಯಾಚಿನ ದುಡ್ಡು ಖರ್ಚು ಮಾಡಬೇಡಿ. ಅದು ಕೆಲಸ ಮಾಡೋದು ಚರ್ಮದ ಕೆಳಗಿನ ನರದ ತುದಿಗಳ ಮೇಲೆ. ಕೀಲಿನ ಆಳಕ್ಕೆ, ಬೆನ್ನುಮೂಳೆಗೆ ಅದು ಇಳಿಯಲ್ಲ. ಮಂಡಿಸವೆತಕ್ಕೆ, ಸೊಂಟನೋವಿಗೆ ಇದನ್ನ ಬಳಸಿ ನೋಡಿದ್ದಾರೆ, ಆದರೆ ಗಟ್ಟಿ ಆಧಾರ ಇಲ್ಲ. ಅಷ್ಟೇಕೆ, ನರದ ನೋವಿಗೂ 2015ರ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಇದಕ್ಕೆ ಎರಡನೇ ಸಾಲಿನ ಜಾಗ. ಮೊದಲ ಸಾಲಲ್ಲಿ ಗಾಬಾಪೆಂಟಿನ್, ಪ್ರಿಗಾಬಲಿನ್, ಡುಲಾಕ್ಸೆಟಿನ್, ಅಮಿಟ್ರಿಪ್ಟಿಲಿನ್ ಗುಂಪಿನ ಮಾತ್ರೆಗಳಿವೆ. ವಯಸ್ಸಾದೋರಿಗೆ ಮಾತ್ರೆ ಒಗ್ಗದಿದ್ದಾಗ ಪ್ಯಾಚ್ ಮೇಲು, ಮೈಯೊಳಗೆ ಅಡ್ಡಪರಿಣಾಮ ಕಮ್ಮಿ ಅನ್ನೋ ಕಾರಣಕ್ಕೆ.

ಕತ್ತು ಸೊಂಟ ಎರಡೂ ಬಿಗಿದಿದೆ, ಬೋರ್ ನೀರು ಅಂದಾಗ ಫ್ಲೋರೋಸಿಸ್ (ನೀರಿನ ಫ್ಲೋರೈಡ್ ಜಾಸ್ತಿಯಾಗಿ ಮೂಳೆಗೆ ಬರೋ ಕಾಯಿಲೆ) ನೋಡಲೇಬೇಕು. ಪಾವಗಡ, ಬಾಗೇಪಲ್ಲಿ ಕಡೆ ಇದು ಹೊಸದಲ್ಲ. ಎಕ್ಸ್‌ರೇಯಲ್ಲಿ ಮೂಳೆ ದಪ್ಪಗಾಗಿರೋದು, ಅಸ್ಥಿರಜ್ಜುಗಳಲ್ಲಿ ಸುಣ್ಣ ಕಟ್ಟಿರೋದು ಕಾಣತ್ತೆ. ನೀರು ಪರೀಕ್ಷೆ ಮಾಡಿಸಿ: ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲ ಅಂದ್ರೆ 1.5ರವರೆಗೆ ಅಂತ ನಮ್ಮ ದೇಶದ ಮಾನದಂಡ. ಎಷ್ಟೋ ಮನೆಗಳಲ್ಲಿ ಕುಡಿಯೋಕೆ ಮಾತ್ರ ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು, ಅನ್ನ ಸಾರು ಮುದ್ದೆಗೆ ಬೋರ್ ನೀರೇ ಹಾಕ್ತಾರೆ. ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಇಂಗಿ ಇನ್ನೂ ಗಟ್ಟಿಯಾಗತ್ತೆ. ಕಾಲಲ್ಲಿ ಜೋಮು, ಬಲ ಕಮ್ಮಿಯಾಗೋದು, ಮೂತ್ರದ ಹಿಡಿತ ತಪ್ಪೋದು ಕಂಡರೆ ತಡ ಮಾಡಬೇಡಿ, ಬೆನ್ನುಹುರಿ ಒತ್ತಿರಬಹುದು.

ಬರೀ ಮಂಡಿ ಸವೆತ ಆದರೆ ಡೈಕ್ಲೋಫೆನಾಕ್ ಜೆಲ್, ಒಂದು ಮಂಡಿಗೆ ಒಂದು ಸಲಕ್ಕೆ 4 ಗ್ರಾಂ. ಬಟಾಣಿ ಗಾತ್ರ ಹಚ್ಚಿ "ಕೆಲಸ ಮಾಡಲ್ಲ" ಅನ್ನಬೇಡಿ. ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನ ಕೇಳಿ ಹಚ್ಚಿ. ಜೊತೆಗೆ ತೊಡೆಯ ಮುಂಭಾಗದ ಸ್ನಾಯು ಬಿಗಿ ಹಿಡಿಯೋ ವ್ಯಾಯಾಮ.

ಶಿಡ್ಲಘಟ್ಟದವರಿಗೆ ನನ್ನ ಕಡೆಯಿಂದ ಒಂದು. ಪ್ಯಾಚ್ ಇಲ್ಲದ 12 ಗಂಟೆಯಲ್ಲಿ ಚರ್ಮಕ್ಕೆ ಸ್ಪರ್ಶದ ಅಭ್ಯಾಸ ಮಾಡಿಸಿ. ನುಣುಪಾದ ರೇಷ್ಮೆ ಬಟ್ಟೆಯಿಂದ ಶುರು, ನಿಮ್ಮೂರಲ್ಲಿ ಅದಕ್ಕೇನು ಬರ! ಉರಿಯ ಜಾಗದ ಅಂಚಿಂದ ಒಳಕ್ಕೆ ಮೆಲ್ಲಗೆ ಸವರಬೇಕು, ಒಂದು ಸಲಕ್ಕೆ ಎರಡು ಮೂರು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಅದು ಸಲೀಸಾದ ಮೇಲೆ ಹಳೇ ಹತ್ತಿ ಸೀರೆ ತುಂಡು, ಆಮೇಲೆ ಟವಲ್. ಸವರಿ ಮುಗಿಸಿದ ಮೇಲೆ ಉರಿ ಅರ್ಧ ಗಂಟೆಗಿಂತ ಹೆಚ್ಚು ಉಳಿದರೆ ಹಿಂದಿನ ಬಟ್ಟೆಗೆ ವಾಪಸ್ ಹೋಗಿ. ರವಿಕೆ ಒಳಗೆ ರೇಷ್ಮೆ ಅಥವಾ ಮೆತ್ತನೆ ಹತ್ತಿಯ ಅಸ್ತರಿ ಹಾಕಿಸಿ, ಹೊಲಿಗೆ ಆ ಪಟ್ಟಿಯ ಮೇಲೆ ಬರದ ಹಾಗೆ. ನೈಲಾನ್ ಮಿಶ್ರ ಬೇಡ. ಉಜ್ಜತ್ತೆ ಅಂತ ಬಲಗೈ ಆಡಿಸೋದನ್ನೇ ಬಿಟ್ಟಿರ್ತಾರೆ, ಭುಜ ಹಿಡಿದುಕೊಳ್ಳತ್ತೆ. ದಿನಕ್ಕೆರಡು ಸಲ ಗೋಡೆ ಮೇಲೆ ಬೆರಳು ನಡೆಸಿ ಕೈ ಪೂರ್ತಿ ಮೇಲೆತ್ತಿಸಿ.

---

ಹಿಪ್ಪುನೇರಳೆ

ಮೇಡಂ, ಅಸ್ತರಿ ವಿಷಯ ನಮಗೆ ಹೊಳೆದೇ ಇರಲಿಲ್ಲ. ಇವತ್ತು ಪ್ಯಾಚ್ ತೆಗೆದಾಗ ಅದೇ ಆಕಾರದಲ್ಲಿ ಕೆಂಪಗಾಗಿತ್ತು, ಗುಳ್ಳೆ ಇಲ್ಲ. ನಿಲ್ಲಿಸಬೇಕಾ? ಮನೆಯಲ್ಲಿ ದೊಡ್ಡೋರು "ಸರ್ಪ ಮತ್ತೆ ಎದ್ದಿದೆ, ಕೆಮ್ಮಣ್ಣು ಹಚ್ಚಿ" ಅಂತಿದ್ದಾರೆ.

---

ನೋವು ಓಪಿಡಿ ಸಿಸ್ಟರ್ (ತುಮಕೂರು)

ಪ್ಯಾಚಿನ ಆಕಾರಕ್ಕೆ ಸರಿಯಾಗಿ ಕೆಂಪಗಿದ್ದರೆ ಅದು ಅಂಟಿನ, ಜೆಲ್ಲಿನ ಕಿರಿಕಿರಿ. ಕೆಲವು ನಿಮಿಷದಿಂದ ಕೆಲವು ಗಂಟೆಯೊಳಗೆ ಮಾಸತ್ತೆ. ಮುಂದಿನ ಸಲ ಹಾಕೋ ಹೊತ್ತಿಗೆ ಮಾಸಿದ್ದರೆ ಹಾಕಬಹುದು, ಮಾಸದಿದ್ದರೆ ಆ ಸರದಿ ಬಿಡಿ. ತೆಗೆಯುವಾಗ ಒಂದು ಕೈಯಲ್ಲಿ ಚರ್ಮ ಒತ್ತಿ ಹಿಡಿದು, ಇನ್ನೊಂದರಲ್ಲಿ ಪ್ಯಾಚನ್ನ ಚರ್ಮಕ್ಕೆ ಸಮಾನಾಂತರವಾಗಿ ನಿಧಾನ ಮಡಚಿಕೊಂಡು ಬನ್ನಿ, ಮೇಲಕ್ಕೆ ಎಳೆದರೆ ಸಿಪ್ಪೆ ಕಿತ್ತು ಬರತ್ತೆ. ಹಾಕಿದಾಗಲೇ ಉರಿ ಜಾಸ್ತಿಯಾದರೆ ತಕ್ಷಣ ತೆಗೀರಿ. ಗುಳ್ಳೆ, ನೀರು ಒಸರೋದು, ಕೆಂಪು ಪ್ಯಾಚಿನ ಗೆರೆ ದಾಟಿ ಹಬ್ಬೋದು, ಮುಖ ತುಟಿ ಊದೋದು, ಇವಕ್ಕೆ ಪೂರ್ತಿ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ.

ಸರ್ಪಸುತ್ತು ಮತ್ತೆ ಎದ್ದರೆ ಚೌಕಾಕಾರದಲ್ಲಿ ಏಳಲ್ಲ ಅಂತ ದೊಡ್ಡೋರಿಗೆ ಹೇಳಿ. ಗೊಂಚಲು ಗೊಂಚಲು ನೀರುಗುಳ್ಳೆ ಬರತ್ತೆ. ಕೆಮ್ಮಣ್ಣು ಒಣಗಿದ ಮೇಲೆ ಚರ್ಮ ಬಿರಿಯತ್ತೆ, ಬಿರಿದ ಚರ್ಮಕ್ಕೆ ಪ್ಯಾಚ್ ಹಾಕೋ ಹಾಗಿಲ್ಲ, ಹಾಗಾಗಿ ಬೇಡ. ಮನೆಯಲ್ಲಿ ಬೇರೆ ಯಾರಿಗಾದರೂ ಹೊಸದಾಗಿ ಎದ್ದರೆ ಗುಳ್ಳೆ ಕಂಡ 72 ಗಂಟೆಯೊಳಗೆ ಡಾಕ್ಟರನ್ನ ಕಾಣಬೇಕು. ಅಸೈಕ್ಲೋವಿರ್ 800 ಮಿಲಿಗ್ರಾಂ ದಿನಕ್ಕೆ ಐದು ಸಲ ಏಳು ದಿನ ಅನ್ನೋದು ಸಾಮಾನ್ಯ ಕ್ರಮ, ತಡವಾದಷ್ಟೂ ಉಪಯೋಗ ಕಮ್ಮಿ. ಹಣೆ, ಮೂಗಿನ ತುದಿ, ಕಣ್ಣಿನ ಸುತ್ತ ಎದ್ದರೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ. ಅಂಥ ಜಾಗಕ್ಕೆ ಪ್ಯಾಚ್ ನೀವಾಗಿ ಹಾಕೋದು ಬೇಡ.

ಅಪರೂಪ, ಆದರೂ ಗೊತ್ತಿರಲಿ: ಬಾಯಿಯ ಸುತ್ತ ಜುಮ್ಮನ್ನೋದು, ನಾಲಿಗೆಗೆ ಲೋಹದ ರುಚಿ, ಕಿವಿಯಲ್ಲಿ ಗುಂಯ್ ಶಬ್ದ, ತಲೆಸುತ್ತು, ಸ್ನಾಯು ಅದುರೋದು. ಔಷಧಿ ರಕ್ತಕ್ಕೆ ಜಾಸ್ತಿ ಹೋಗಿದೆ ಅಂತ ಅರ್ಥ. ಎಲ್ಲ ಪ್ಯಾಚ್ ಕಿತ್ತು, ನೀರಲ್ಲಿ ತೊಳೆದು, ಆಸ್ಪತ್ರೆಗೆ. ಹೀಗಾದ ಕಡೆ ಕೇಳಿದರೆ ಮೂರಕ್ಕಿಂತ ಹೆಚ್ಚು ಪ್ಯಾಚ್, ಮೇಲೆ ಶಾಖ, ಇಲ್ಲವೇ ಗಾಯದ ಚರ್ಮ ಅನ್ನೋ ಉತ್ತರಕ್ಕೇ ಸಾಮಾನ್ಯವಾಗಿ ಬಂದು ನಿಲ್ಲತ್ತೆ. ಇನ್ನೊಂದು, ಎದೆ ಹತ್ತಿರದ ನೋವು ಅಂದಮೇಲೆ: ಉರಿ ಬಿಟ್ಟು ಒತ್ತಿದ ಹಾಗೆ, ಹಿಂಡಿದ ಹಾಗೆ ನೋವು, ಬೆವರು, ಉಬ್ಬಸ ಬಂದರೆ ಅದನ್ನ ಹಳೇ ಸರ್ಪಸುತ್ತಿನ ಲೆಕ್ಕಕ್ಕೆ ಬರೆದು ಕೂರಬೇಡಿ, ಇಸಿಜಿ ಮಾಡಿಸಿ. ಶುಗರ್ ಇರೋರಿಗೆ ಇದು ಮುಖ್ಯ.

---

ಪಾವಗಡದವನು

ಸರ್ಪಸುತ್ತಿಗೆ ಲಸಿಕೆ ಇದೆಯಂತೆ, ಇವರ ಅಮ್ಮನಿಗೆ ಹಾಕಿಸಿದರೆ ಉರಿ ಹೋಗಲ್ವಾ?

---

ಕೌಂಟರ್ ಹಿಂದಿನಿಂದ

ಈಗಿರೋ ಉರಿಗೆ ಅದು ಔಷಧಿ ಅಲ್ಲ. ಮುಂದೆ ಬರದ ಹಾಗೆ ತಡೆಯೋಕೆ. ಶಿಂಗ್ರಿಕ್ಸ್ ಅಂತ, ಭಾರತಕ್ಕೆ 2023ರಲ್ಲಿ ಬಂತು. 50 ವರ್ಷ ದಾಟಿದೋರಿಗೆ ತೋಳಿಗೆ ಎರಡು ಡೋಸ್, ನಡುವೆ ಎರಡರಿಂದ ಆರು ತಿಂಗಳು. ದುಬಾರಿ. ಒಮ್ಮೆ ಬಂದು ಹೋದೋರೂ ಹಾಕಿಸಿಕೊಳ್ಳಬಹುದು, ಯಾವಾಗ ಅಂತ ಡಾಕ್ಟರನ್ನ ಕೇಳಿ.

ಹಿಪ್ಪುನೇರಳೆಯವರೇ, ಶೀರ್ಷಿಕೆಯಲ್ಲಿ ಕೇಳಿದ "ಎಷ್ಟು ದಿನ" ಇನ್ನೂ ಉಳಿದಿದೆ. ಎರಡರಿಂದ ನಾಲ್ಕು ವಾರ, ಒಂದು ದಿನವೂ ತಪ್ಪದೆ. ಮಧ್ಯೆ ಮಧ್ಯೆ "ಇವತ್ತು ಪರವಾಗಿಲ್ಲ" ಅಂತ ಬಿಟ್ಟರೆ ಏನೂ ತೀರ್ಮಾನಕ್ಕೆ ಬರೋಕೆ ಆಗಲ್ಲ. ಹಾಗಾಗಿ ಒಂದೇ ಸಲ ನಾಲ್ಕು ತಿಂಗಳಿಗೆ ಡಬ್ಬಿ ಕೊಳ್ಳಬೇಡಿ, ಎರಡು ವಾರಕ್ಕೆ ತಗೊಳ್ಳಿ. ಮೊದಲು ಬರೆದಿಟ್ಟ ಅಂಕಿ 8 ಇದ್ದದ್ದು 5ಕ್ಕೆ ಬಂದರೆ, ಅಂದರೆ ಮೂರರಲ್ಲಿ ಒಂದು ಪಾಲು ಇಳಿದರೆ, ಅದು ನಿಜವಾದ ಲಾಭ. ಪೂರ್ತಿ ಸೊನ್ನೆ ಆಗಲಿ ಅಂತ ಕಾಯಬೇಡಿ.

---

ನೋವು ಓಪಿಡಿ ಸಿಸ್ಟರ್ (ತುಮಕೂರು)

ಅದಕ್ಕೆ ಒಂದು ಸೇರಿಸ್ತೀನಿ. ನಾಲ್ಕು ವಾರ ಆದರೂ ಅಂಕಿ ಅಲ್ಲೇ ಇದ್ದರೆ, ರವಿಕೆ ಹಾಕೋಕೆ ಆಗ್ತಿಲ್ಲ, ಗೆರೆಯೂ ಸರಿದಿಲ್ಲ ಅಂದ್ರೆ ನಿಲ್ಲಿಸಿ. ನಿಲ್ಲಿಸಿದರೆ ಈ ಪ್ಯಾಚಿಂದ ಏನೂ ತೊಂದರೆ ಆಗಲ್ಲ, ಇಳಿಸಿಕೊಂಡು ಬರಬೇಕು ಅಂತಿಲ್ಲ. ಪ್ರಿಗಾಬಲಿನ್ ಮಾತ್ರ ಹಾಗಲ್ಲ, ಅದನ್ನ ತಟ್ಟನೆ ಬಿಡಬಾರದು. ಆಮೇಲೆ ಮೆಡಿಕಲ್ ಕಾಲೇಜು ಆಸ್ಪತ್ರೆಯ ಅನಸ್ತೇಷಿಯಾ ವಿಭಾಗದಲ್ಲಿ ನೋವಿನ ಓಪಿಡಿ ಇದೆಯಾ ಅಂತ ವಿಚಾರಿಸಿ. ಮಾತ್ರೆ ಬದಲಿಸೋದು, ಪಕ್ಕೆಲುಬಿನ ನರಕ್ಕೆ ಬ್ಲಾಕ್ (ನೋವು ತಡೆಯೋ ಇಂಜೆಕ್ಷನ್) ಕೊಡೋದು ಅಲ್ಲಿಯ ಕೆಲಸ. ಹೋಗುವಾಗ ಅಂಕಿ ಬರೆದ ಹಾಳೆ, ಚುಕ್ಕಿ ಇಟ್ಟ ಫೋಟೋ, ಖಾಲಿ ಲಕೋಟೆ ಮೂರೂ ತಗೊಂಡು ಹೋಗಿ.

ಕೆಲಸ ಮಾಡ್ತು ಅಂದ್ರೆ ಡಾಕ್ಟರ ಜೊತೆ ಮಾತಾಡಿ ಆಗಾಗ ಕಮ್ಮಿ ಮಾಡಿ ನೋಡಿ. ಮೊದಲು ಬೆನ್ನಿನ ಕಡೆಯ ತುಂಡು ಬಿಡಿ, ಒಂದು ವಾರ ಅಂಕಿ ಏರದಿದ್ದರೆ ಮುಂದಿನದನ್ನ ಚಿಕ್ಕದು ಮಾಡಿ. ಆಮೇಲೆ ಚಂದ್ರಿಕೆ ಎತ್ತೋ ದಿನ ಮಾತ್ರ ಹಾಕಿ ನೋಡಬಹುದು.